ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್: ಸಾರ್ವಜನಿಕರಿಗೆ ಮಾಹಿತಿ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಭಾಗದ ಗ್ರಾಮಗಳಲ್ಲಿ ಕೊಳವೆಬಾವಿ ನೀರಿನ ಬಳಕೆ ಸಾಮಾನ್ಯವಾಗಿದೆ. ನೋಡಲು ತಿಳಿಯಾಗಿದ್ದು, ರುಚಿಯಲ್ಲಿ ದೋಷ ಕಾಣದ ನೀರಿನಲ್ಲಿಯೂ ಫ್ಲೋರೈಡ್ ಅಂಶ ಹೆಚ್ಚಾಗಿರಬಹುದು. ಪರೀಕ್ಷೆಯಿಂದ ಮಾತ್ರ ಇದನ್ನು ಮುಂಚಿತವಾಗಿ ತಿಳಿಯಬಹುದಾಗಿದೆ.

ಫ್ಲೋರೈಡ್ ಸೇರುವ ಬಗೆ
ಈ ಭಾಗದ ಭೂಮಿಯು ಗಟ್ಟಿ ಶಿಲೆಯಿಂದ ಕೂಡಿದೆ. ಶಿಲೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ಖನಿಜಗಳಲ್ಲಿರುವ ಫ್ಲೋರೈಡ್ ಅದರಲ್ಲಿ ಕರಗಬಹುದು. ಒಂದೇ ಗ್ರಾಮದ ಎರಡು ಕೊಳವೆಬಾವಿಗಳಲ್ಲಿ ಪ್ರಮಾಣವು ಬೇರೆಯಾಗಿರಬಹುದಾದ ಕಾರಣ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅವಶ್ಯಕ.

ನಿಗದಿತ ಮಿತಿ
ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1.0 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲ ಇಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ.

ಆರೋಗ್ಯದ ಮೇಲಿನ ಪರಿಣಾಮ
ಹಲ್ಲುಗಳು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು 8 ವರ್ಷದೊಳಗಿನ ಮಕ್ಕಳು ಇಂತಹ ನೀರನ್ನು ಕುಡಿದಲ್ಲಿ ಹಲ್ಲುಗಳ ಮೇಲೆ ಬಿಳಿ, ಹಳದಿ ಅಥವಾ ಕಂದು ಕಲೆಗಳು ಮೂಡುತ್ತವೆ. ಇವು ಹಲ್ಲುಜ್ಜಿದರೆ ಹೋಗುವುದಿಲ್ಲ. ದೊಡ್ಡವರಾದ ಮೇಲೆ ಈ ನೀರನ್ನು ಕುಡಿಯಲಾರಂಭಿಸಿದವರ ಹಲ್ಲುಗಳಲ್ಲಿ ಕಲೆ ಕಾಣದಿದ್ದರೂ, ಪ್ರಮಾಣ ಹೆಚ್ಚಿದ್ದಲ್ಲಿ ಫ್ಲೋರೈಡ್ ಮೂಳೆಗಳಲ್ಲಿ ಶೇಖರವಾಗುತ್ತದೆ. ಹಲವು ವರ್ಷಗಳ ನಂತರ ಕೀಲುನೋವು, ಬೆನ್ನು ಮತ್ತು ಕುತ್ತಿಗೆಯ ಬಿಗಿತ ಉಂಟಾಗಿ, ತೀವ್ರ ಹಂತದಲ್ಲಿ ಬೆನ್ನು ಬಾಗುತ್ತದೆ. ಈ ಹಂತವನ್ನು ತಲುಪಿದ ಮೂಳೆಗಳನ್ನು ಮೊದಲಿನ ಸ್ಥಿತಿಗೆ ತರುವ ಔಷಧವಿಲ್ಲ. ವಯಸ್ಸಾದಂತೆ ಬರುವ ಸಾಮಾನ್ಯ ನೋವೆಂದು ಇದನ್ನು ಕಡೆಗಣಿಸಬಾರದು.

ಗಮನಿಸಬೇಕಾದ ಅಂಶಗಳು
1. ನೀರನ್ನು ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಫ್ಲೋರೈಡ್ ಕಡಿಮೆಯಾಗುವುದಿಲ್ಲ.
2. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ.
3. ಫ್ಲೋರೈಡ್ ಹೆಚ್ಚಿರುವ ನೀರನ್ನು ಸ್ನಾನಕ್ಕೆ ಹಾಗೂ ಬಟ್ಟೆ ಒಗೆಯಲು ಬಳಸಬಹುದು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ಅಗತ್ಯ.
4. ರಿವರ್ಸ್ ಆಸ್ಮೋಸಿಸ್ ವಿಧಾನದ ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ಬೇರ್ಪಡಿಸುತ್ತವೆ. ಸ್ವಚ್ಛವಾಗಿ ಸಂಗ್ರಹಿಸಿದ ಮಳೆನೀರಿನಲ್ಲಿ ಇದರ ಪ್ರಮಾಣ ಅತ್ಯಲ್ಪ.

ನೀರಿನ ಪರೀಕ್ಷೆಗೆ ಕೋರುವ ವಿಧಾನ
ಗ್ರಾಮಸ್ಥರು ತಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ. ಮನವಿಯಲ್ಲಿ ಕೊಳವೆಬಾವಿ ಇರುವ ಸ್ಥಳ ಹಾಗೂ ನೀರನ್ನು ಬಳಸುವ ಕುಟುಂಬಗಳ ಸಂಖ್ಯೆಯನ್ನು ನಮೂದಿಸತಕ್ಕದ್ದು. ಮಾದರಿ ಸಂಗ್ರಹಿಸುವ ಮುನ್ನ ಪಂಪನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟು, ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ತೊಳೆದು ತುಂಬಿಸಿ, ಸ್ಥಳ ಮತ್ತು ದಿನಾಂಕದ ಚೀಟಿ ಅಂಟಿಸಬೇಕು. ಪರೀಕ್ಷಾ ವರದಿಯನ್ನು ಲಿಖಿತವಾಗಿ ಪಡೆದು ಜೋಪಾನವಾಗಿಡುವುದು ಸೂಕ್ತ. ಪ್ರಮಾಣವು 1.5 ಮಿಲಿಗ್ರಾಂ ಮೀರಿದ್ದಲ್ಲಿ, ವರದಿಯ ಪ್ರತಿಯೊಂದಿಗೆ ಬದಲಿ ಕುಡಿಯುವ ನೀರಿಗಾಗಿ ಮನವಿ ಸಲ್ಲಿಸಬಹುದು.

ಮಕ್ಕಳ ಹಲ್ಲುಗಳಲ್ಲಿ ಕಲೆ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವುದರ ಜೊತೆಗೆ, ಮನೆಯವರೆಲ್ಲರೂ ಕುಡಿಯುತ್ತಿರುವ ನೀರನ್ನೂ ವಿಳಂಬವಿಲ್ಲದೆ ಪರೀಕ್ಷೆಗೆ ಒಳಪಡಿಸಲು ಕೋರಲಾಗಿದೆ.