ಗೊಟ್ಟ ಬೇಡ, ಕರು ಹೀರಲಿ

ಹುಟ್ಟಿದ ಕರು ತಾನೇ ಎದ್ದು ಕೆಚ್ಚಲಿಗೆ ಬಾಯಿ ಹಾಕಿದರೆ ನಮಗೇನೂ ಕೆಲಸವಿಲ್ಲ. ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕು. ತೊಂದರೆ ಬರುವುದು ತಾಯಿ ಮೇಲೇಳದಿದ್ದಾಗ, ಚೊಚ್ಚಲ ಹಸುವಿನ ಕೆಚ್ಚಲು ಬಾತು ಅದು ಕರುವನ್ನೇ ಒದ್ದಾಗ, ಇಲ್ಲವೇ ತಾಯಿ ಸತ್ತೇ ಹೋದಾಗ. ಆಗ ಬಾಟಲಿಯಲ್ಲಿ ಕುಡಿಸಬೇಕು. ಬಾಟಲಿ ಹಿಡಿದು ಹೋದರೆ ಕೆಲವು ಕರು ಬಾಯಿ ಬಿಗಿ ಹಿಡಿಯುತ್ತವೆ, ತಲೆ ಒದರುತ್ತವೆ, ನಿಪ್ಪಲ್ಲನ್ನು ನಾಲಿಗೆಯಿಂದ ಹೊರಕ್ಕೆ ತಳ್ಳುತ್ತವೆ. ಅಂಥ ಹೊತ್ತಿನಲ್ಲಿ ಹಳ್ಳಿಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಬಿದಿರಿನ ಗೊಟ್ಟ. ಆ ಗೊಟ್ಟ ಎತ್ತಿಕೊಳ್ಳಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮರಳವಾಡಿ ಹೋಬಳಿ. ಒಂದಿಷ್ಟು ರಾಗಿ ಹೊಲ, ಒಂದು ಎಕರೆ ಹಿಪ್ಪುನೇರಳೆ, ಮೂರು ಸೀಮೆಹಸು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ರೇಟು ಇವತ್ತು ಇದ್ದಂತೆ ನಾಳೆ ಇರೊಲ್ಲ. ಡೈರಿ ಬಟವಾಡೆ ನಂಬಿಕೊಂಡೇ ಮನೆ ನಡೆಯೋದು. ಹಾಲು ಕೊಡುವ ಒಳ್ಳೆ ಹಸು ಕೊಳ್ಳಲು ಹೋದರೆ ಈಗ ಲಕ್ಷದ ಹತ್ತಿರ ಕೇಳುತ್ತಾರೆ. ಆದ್ದರಿಂದ ಮನೆಯಲ್ಲೇ ಹುಟ್ಟಿದ ಹೆಣ್ಣುಗರು ಉಳಿಸಿಕೊಳ್ಳೋದು ನಮ್ಮಂಥವರಿಗೆ ಸಣ್ಣ ಮಾತಲ್ಲ. ಕಳೆದ ಮಾಗಿಯಲ್ಲಿ ಮೂರನೇ ಸೂಲಿನ ಹಸು ಈಯಿತು. ಹೆಣ್ಣೇ ಬರಲಿ ಅಂತ ಲಿಂಗ ವಿಂಗಡಿಸಿದ ವೀರ್ಯದ ನಳಿಕೆ ಕೊಡಿಸಿದ್ದೆವು. ಹೆಣ್ಣೇ ಬಂತು. ಸುಮಾರು 30 ಕಿಲೋ ತೂಗುವ ಕರು.

ಈದದ್ದು ರಾತ್ರಿ ಎರಡು ಗಂಟೆಗೆ. ಮೂರೂವರೆ ಹೊತ್ತಿಗೆ ಹಸು ಮಲಗಿಬಿಟ್ಟಿತು. ಕತ್ತನ್ನು ಹೊಟ್ಟೆ ಕಡೆ ತಿರುಗಿಸಿಕೊಂಡಿತ್ತು, ಕಿವಿ ತಣ್ಣಗೆ, ಮೂಗು ಒಣಗಿತ್ತು. ಹಾಲು ಜ್ವರ. ಹೆಸರು ಜ್ವರ ಅಂತಿದ್ದರೂ ಇದರಲ್ಲಿ ಮೈ ಸುಡುವುದಿಲ್ಲ, ತಣ್ಣಗಾಗುತ್ತೆ. ಹಾಲು ಇಳಿಯುವ ರಭಸಕ್ಕೆ ರಕ್ತದಲ್ಲಿನ ಕ್ಯಾಲ್ಸಿಯಂ ಒಮ್ಮೆಗೇ ಕಡಿಮೆಯಾಗಿ ಹಸುವಿನ ಮಾಂಸಖಂಡ ಕೆಲಸ ಮಾಡದಂತೆ ಆಗೋದು. ಡಾಕ್ಟರಿಗೆ ಫೋನ್ ಮಾಡಿದೆ. ಬನ್ನೇರುಘಟ್ಟ ಕಾಡಿನ ಅಂಚು ನಮ್ಮದು, ರಾತ್ರಿ ದಾರಿಯಲ್ಲಿ ಆನೆ ಇರುತ್ತವೆ. ಬೆಳಕು ಹರಿಯದೆ ಬರೋಕಾಗೊಲ್ಲ ಅಂದರು, ಅದರಲ್ಲಿ ತಪ್ಪೇನಿಲ್ಲ. ಎರಡು ಮಾತು ಹೇಳಿದರು. ಹಸು ಪಕ್ಕಕ್ಕೆ ಬೀಳದ ಹಾಗೆ ಎರಡೂ ಕಡೆ ಹುಲ್ಲು ತುಂಬಿದ ಚೀಲ ಒತ್ತರಿಸಿ ಎದೆ ಮೇಲೆ ಕೂರಿಸಿ, ಅದರ ಬಾಯಿಗೆ ಏನನ್ನೂ ಹೊಯ್ಯಬೇಡಿ. ಹಾಲು ಜ್ವರ ಬಂದ ಹಸುವಿಗೆ ನುಂಗುವ ಶಕ್ತಿಯೇ ಇರೊಲ್ಲ, ಬೆಲ್ಲದ ನೀರು ಹೊಯ್ದರೂ ಶ್ವಾಸಕೋಶಕ್ಕೆ ಹೋಗುತ್ತೆ. ಕರುವಿಗೆ ಬೇಕಾದಷ್ಟು ಗಿಣ್ಣುಹಾಲು ಮಾತ್ರ ಕರೆದುಕೊಳ್ಳಿ, ಕೆಚ್ಚಲು ಬರಿದು ಮಾಡಬೇಡಿ ಅಂದರು.

ಮಲಗಿದ ಹಸುವಿನ ಕೈಗೆ ಸಿಗುವ ಮೊಲೆಗಳನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ನಾನೂ ನಮ್ಮ ಮನೆಯವರೂ ಎರಡು ಲೀಟರ್‌ನಷ್ಟು ಕರೆದುಕೊಂಡೆವು. ಅಷ್ಟರಲ್ಲಿ ಪಕ್ಕದ ಮನೆ ದೊಡ್ಡಪ್ಪ ಎದ್ದು ಬಂದರು.

"ಕಸ ಬಿದ್ದಿಲ್ಲ, ಆಗಲೇ ಕೆಚ್ಚಲಿಗೆ ಕೈ ಹಾಕಿದ್ಯಲ್ಲ ಮಗ?"

ಇದು ನಮ್ಮ ಸೀಮೆಯಲ್ಲಿ ಬಹಳ ಮನೆಗಳಲ್ಲಿ ಇರೋ ನಂಬಿಕೆ. ಮಾಸು ಬಿದ್ದ ಮೇಲೇ ಕರುವಿಗೆ ಹಾಲು ಬಿಡಬೇಕು ಅಂತ. ಎಷ್ಟು ಕರು ಇದರಿಂದ ಹೋಗಿವೆಯೋ ಲೆಕ್ಕ ಇಟ್ಟವರಿಲ್ಲ. ಮಾಸು ಬೀಳಲು ಎಂಟು, ಹತ್ತು ಗಂಟೆ ಹಿಡಿಯಬಹುದು. ಕರುವಿಗೆ ಅಷ್ಟು ಹೊತ್ತಿಲ್ಲ. ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿದ್ದಾಗಲೇ ರಕ್ತದಿಂದ ಬರುತ್ತೆ. ಹಸುವಿನ ಮಾಸು ಅದನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಕಾಯುವವರೇ ಇಲ್ಲ. ಆ ಶಕ್ತಿ ಪೂರ್ತಿ ಗಿಣ್ಣುಹಾಲಿನಿಂದಲೇ ಬರಬೇಕು. ಕರುವಿನ ಕರುಳು ಅದನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳೋದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ಆರು ಗಂಟೆ ಕಳೆದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ, 24 ಗಂಟೆಗೆ ಪೂರ್ತಿ ಮುಚ್ಚಿಹೋಗುತ್ತೆ. ಆಮೇಲೆ ಬಕೆಟ್ಟುಗಟ್ಟಲೆ ಗಿಣ್ಣು ಕೊಟ್ಟರೂ ಅದು ಬರೀ ಆಹಾರ. ಕರುವಿನ ತೂಕದ ಹತ್ತನೇ ಒಂದು ಪಾಲು ಲೆಕ್ಕ. 30 ಕಿಲೋ ಕರುವಿಗೆ ಮೂರು ಲೀಟರ್. ಅದರಲ್ಲಿ ಎರಡು ಲೀಟರಾದರೂ ಮೊದಲ ಎರಡು ಗಂಟೆಯೊಳಗೆ, ಉಳಿದದ್ದು ಆರು ಗಂಟೆ ಮೀರುವ ಮುಂಚೆ ಹೋದರೆ ಒಳ್ಳೆಯದು. ಇನ್ನೊಂದು ವಿಷಯ, ಕರು ಕುಡಿದರೆ ಅಥವಾ ಹಾಲು ಕರೆದರೆ ಮಾಸು ಬೀಳೋದು ತಡವಾಗೊಲ್ಲ, ಸಲೀಸಾಗಿ ಬೀಳೋಕೆ ಸಹಾಯವೇ ಆಗುತ್ತೆ.

ಗಿಣ್ಣು ಆರಿಹೋಗಿದ್ದರೆ ಒಲೆ ಮೇಲೆ ಇಡಬೇಡಿ. ಅದು ಗಟ್ಟಿಯಾಗಿ ಕರುವಿಗಲ್ಲ, ಮಕ್ಕಳಿಗೆ ತಿನ್ನೋ ಗಿಣ್ಣು ಆಗುತ್ತೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು. ಮುಂಗೈ ಒಳಭಾಗಕ್ಕೆ ಎರಡು ಹನಿ ಹಾಕಿಕೊಂಡರೆ ಹಿತವಾಗಿ ಬಿಸಿ ಅನ್ನಿಸಬೇಕು, ಹಸುವಿನ ಮೈಬಿಸಿಯಷ್ಟು. ತಣ್ಣನೆ ಹಾಲಿಗೆ ಬಾಯಿ ತೆರೆಯದ ಕರುಗಳೂ ಇವೆ.

ಈಗ ಕರುವಿನ ವಿಷಯ. ಬಾಟಲಿ ಇಟ್ಟ ಕೂಡಲೇ ಬಾಯಿ ಬಿಗಿ ಹಿಡಿಯಿತು. ಇನ್ನೊಮ್ಮೆ ಇಟ್ಟರೆ ಹಿಂದಕ್ಕೆ ಜಗ್ಗಿ ಕೂತುಬಿಟ್ಟಿತು. ಕಾಲು ಗಂಟೆ ಹೀಗೇ ಆಯ್ತು. ದೊಡ್ಡಪ್ಪನಿಗೆ ತಡೆಯಲಿಲ್ಲ.

"ಎಷ್ಟೊತ್ತು ಹಿಂಗೇ ಆಡಿಸ್ತೀಯ? ಗೊಟ್ಟ ತತ್ತಾ ಇಲ್ಲಿ. ಎರಡು ಗೊಟ್ಟ ಎತ್ತಿ ಹೊಯ್ದ್ರೆ ಹೊಟ್ಟೆ ತುಂಬ್ತದೆ."

"ಬ್ಯಾಡ ದೊಡ್ಡಪ್ಪ, ಉಸಿರಿಗೆ ಹೋದ್ರೆ ಕರು ಉಳಿಯಕಿಲ್ಲ."

ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಊರಿನ ಇನ್ನೊಂದು ಮನೆಯಲ್ಲಿ ಗೊಟ್ಟದಲ್ಲಿ ಹೊಯ್ದ ಕರು ಮಾರನೇ ದಿನವೇ ಕೆಮ್ಮು ಹಿಡಿದು, ಏದುಸಿರು ಬಿಟ್ಟು ಮೂರನೇ ದಿನಕ್ಕೆ ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ತಲೆ ಮೇಲೆತ್ತಿ ಹೊಯ್ದಾಗ ಕರುವಿಗೆ ನುಂಗುವುದಕ್ಕೂ ಉಸಿರಾಡುವುದಕ್ಕೂ ಬಿಡುವು ಸಿಗೊಲ್ಲ.

ಶ್ವಾಸಕೋಶಕ್ಕೆ ಹೋಗದೆ ಹೊಟ್ಟೆಗೇ ಹೋಯಿತು ಅನ್ನೋಣ. ಆಗಲೂ ನಷ್ಟವಿದೆ. ಹಸುವಿಗೆ ನಾಲ್ಕು ಹೊಟ್ಟೆ. ಹಾಲು ಜೀರ್ಣವಾಗೋದು ನಾಲ್ಕನೆಯದರಲ್ಲಿ. ಕರು ಬಾಯಿ ಚೀಪಿ ಹೀರುವಾಗ ಅನ್ನನಾಳದ ಕೊನೆಯಲ್ಲಿ ಎರಡು ತುಟಿಯಂಥ ಮಡಿಕೆ ಒಂದಕ್ಕೊಂದು ಸೇರಿ ಕೊಳವೆ ಆಗುತ್ತೆ. ಹಾಲು ಅದರೊಳಗೆ ಹರಿದು ನೇರ ನಾಲ್ಕನೇ ಹೊಟ್ಟೆ ಸೇರುತ್ತೆ. ಬಲವಂತವಾಗಿ ಹೊಯ್ದಾಗ ಆ ಮಡಿಕೆ ಸರಿಯಾಗಿ ಮುಚ್ಚಿಕೊಳ್ಳದೆ ಹಾಲು ಮೊದಲ ಹೊಟ್ಟೆಗೆ ಬೀಳುತ್ತೆ. ಗಿಣ್ಣು ಒಂದೆರಡು ಸಲ ಹಾಗೆ ಬಿದ್ದರೆ ನಿಧಾನವಾಗಿ ಮುಂದಕ್ಕೆ ಹರಿದು ಹೋಗುತ್ತೆ, ಅಂಥ ಅಪಾಯವಿಲ್ಲ. ದಿನಾ ಹೊಯ್ಯುತ್ತಾ ಹೋದರೆ ಹಾಲು ಅಲ್ಲೇ ನಿಂತು ಹುಳಿಯುತ್ತೆ, ಹೊಟ್ಟೆ ಉಬ್ಬುತ್ತೆ, ಕರು ಸೊರಗುತ್ತೆ. ಹೀರುವುದೇ ಬೀಗದ ಕೈ.

ಹಟವೋ, ನಿಶ್ಶಕ್ತಿಯೋ?

ಬಾಟಲಿ ಹಿಡಿಯದ ಕರುವನ್ನೆಲ್ಲ ಹಟಮಾರಿ ಅನ್ನೋದು ಸರಿಯಲ್ಲ. ಕೈ ತೊಳೆದು ಎರಡು ಬೆರಳು ಬಾಯೊಳಗೆ ಇಟ್ಟು ಅಂಗುಳಕ್ಕೆ ತಾಗಿಸಿ ನೋಡಿ. ಬೆರಳು ಚೀಪಿದರೆ ಅದು ಹಟ, ರಬ್ಬರಿನ ಮೇಲಿನ ಅನುಮಾನ. ಚೀಪದೆ ಬಾಯಿ ತಣ್ಣಗಿದ್ದರೆ ಕರು ಚಳಿಗೆ ಸೋತಿದೆ. ಥರ್ಮಾಮೀಟರ್ ಇದ್ದರೆ ಗುದದಲ್ಲಿ ಇಟ್ಟು ನೋಡಿ, 101ರಿಂದ 102 ಡಿಗ್ರಿ ಇರಬೇಕು. 100ಕ್ಕಿಂತ ಇಳಿದಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಎಳೆದು ಹೊರತೆಗೆದ ಕರುವಿನ ನಾಲಿಗೆ ಬಾತಿರುತ್ತೆ, ಅದಕ್ಕೆ ಒಂದೆರಡು ಗಂಟೆ ಹೀರಲು ಬರದೇ ಇರಬಹುದು. ಕುಡಿದ ಹಾಲು ಮೂಗಿನಲ್ಲಿ ಬಂದರೆ ಅಂಗುಳ ಸೀಳಿದೆಯೋ ಏನೋ ಟಾರ್ಚ್ ಬಿಟ್ಟು ನೋಡಬೇಕು.

ನಮ್ಮ ಕರುವಿನ ಬಾಯಿ ಸ್ವಲ್ಪ ತಣ್ಣಗಿತ್ತು, ಬೆರಳು ಅರೆಮನಸ್ಸಿನಿಂದ ಚೀಪಿತು. ಒಣ ರಾಗಿ ಹುಲ್ಲಿನಿಂದ ಮೈಯೆಲ್ಲ ಉಜ್ಜಿ, ಗೋಣಿಚೀಲ ಹೊದಿಸಿ, ಬಿಸಿನೀರು ತುಂಬಿದ ಎರಡು ಬಾಟಲಿಗೆ ಬಟ್ಟೆ ಸುತ್ತಿ ಪಕ್ಕೆಗೆ ಇಟ್ಟೆವು. ಅರ್ಧ ಗಂಟೆಗೆ ಕಿವಿ ಬೆಚ್ಚಗಾಯಿತು, ತಾನೇ ಎದ್ದು ಗೋಡೆ ಮೂಸತೊಡಗಿತು. ಕರು ಗೋಡೆ ಮೂಸಲು, ತಲೆಯಿಂದ ತಿವಿಯಲು ಶುರು ಮಾಡಿದರೆ ಹಸಿದಿದೆ ಅಂತ ಅರ್ಥ. ಬಾಟಲಿ ತರುವ ಹೊತ್ತು ಅದೇ.

ಕರುವಿನ ಹಿಂಭಾಗವನ್ನು ಗೋಡೆ ಮೂಲೆಗೆ ಸೇರಿಸಿ ಅದರ ಮೇಲೆ ಎರಡೂ ಕಡೆ ಕಾಲು ಹಾಕಿ ನಿಂತೆ. ಭಾರ ಬಿಡಬಾರದು, ಹಿಂದೆ ಜಗ್ಗದಂತೆ ತಡೆದರೆ ಸಾಕು. ಎಡಗೈ ದವಡೆ ಕೆಳಗೆ. ಮೊದಲು ಗಿಣ್ಣಿನಲ್ಲಿ ಅದ್ದಿದ ಬೆರಳು ಕೊಟ್ಟೆ. ಚೀಪತೊಡಗಿದ ಮೇಲೆ ಬೆರಳಿನ ಪಕ್ಕದಲ್ಲೇ ನಿಪ್ಪಲ್ ತೂರಿಸಿ, ಬೆರಳನ್ನು ಮೆಲ್ಲಗೆ ಹೊರತೆಗೆದೆ. ನಿಪ್ಪಲ್ ನಾಲಿಗೆಯ ಮೇಲಿರಬೇಕು. ಎಷ್ಟೋ ಸಲ ಅದು ನಾಲಿಗೆಯ ಕೆಳಗೆ ಸೇರಿಕೊಂಡಿರುತ್ತೆ, ನಾವು ಕರು ಹೀರ್ತಿಲ್ಲ ಅಂತ ಬೈಯುತ್ತಿರುತ್ತೇವೆ. ಕರುವಿನ ಕತ್ತು ತಾಯಿಯ ಕೆಚ್ಚಲಿಗೆ ಚಾಚುವಷ್ಟೇ ಮುಂದಕ್ಕೆ ಚಾಚಿರಬೇಕು. ಮೂಗು ಕಣ್ಣಿಗಿಂತ ಮೇಲೆ ಹೋಗಬಾರದು.

ಆದರೂ ಎರಡು ಗುಟುಕಿಗೇ ಬಿಟ್ಟಿತು. ಆಗ ನಮ್ಮ ಮನೆಯವರು ಕರುವನ್ನು ಮಲಗಿದ್ದ ತಾಯಿಯ ಹತ್ತಿರಕ್ಕೆ ತಂದು, ಅದರ ತಲೆಯನ್ನು ಹಸುವಿನ ಪಕ್ಕೆಗೆ ಒರಗಿಸಿದರು. ಕಣ್ಣಿಗೆ ಅಂಗೈ ಅಡ್ಡ ಹಿಡಿದರು. ಕೆಚ್ಚಲ ಕೆಳಗೆ ಕತ್ತಲು ತಾನೇ, ಕರು ಹುಡುಕೋದು ಆ ಕತ್ತಲನ್ನೇ. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಿಂದ ಬಾಲದ ಬುಡ ಉಜ್ಜತೊಡಗಿದರು. ಕರು ಕುಡಿಯುವಾಗ ತಾಯಿ ನೆಕ್ಕೋದು ಅಲ್ಲೇ. ನಾನು ಮತ್ತೆ ನಿಪ್ಪಲ್ ಕೊಟ್ಟೆ. ಕರು ಒಮ್ಮೆ ಚೀಪಿತು, ನಿಲ್ಲಿಸಿತು, ಬಾಲ ಅಲ್ಲಾಡಿಸಿತು. ಆಮೇಲೆ ಬಿಡಲೇ ಇಲ್ಲ. ಒಂದೂವರೆ ಲೀಟರ್ ಒಂದೇ ಸಲಕ್ಕೆ ಹೋಯ್ತು. ಆಗ ಗಂಟೆ ಐದೂಕಾಲು, ಹುಟ್ಟಿ ಮೂರು ಗಂಟೆ ದಾಟಿತ್ತು. ಉಳಿದದ್ದು ಏಳು ಗಂಟೆಗೆ, ಯಾವ ತಕರಾರಿಲ್ಲದೆ.

ಡಾಕ್ಟರ್ ಆರೂವರೆಗೆ ಬಂದು ಹಸುವಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಹತ್ತಿಸಿದರು. ಕಿವಿ ಬಿಸಿಯಾಯಿತು, ಸಗಣಿ ಹಾಕಿತು, ಆದರೆ ಏಳಲಿಲ್ಲ. ಮಾರನೇ ಬೆಳಿಗ್ಗೆ ಇನ್ನೊಂದು ಬಾಟಲಿ ಹಾಕಿದ ಮೇಲೆ ಎದ್ದು ನಿಂತಿತು. ಅಲ್ಲಿವರೆಗೂ ಕರು ಬಾಟಲಿಯಲ್ಲೇ.

ಕಾಲು ಗಂಟೆ ಪ್ರಯತ್ನಿಸಿ, ಆಗದಿದ್ದರೆ ಬಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ. ಸಿಟ್ಟಿನಲ್ಲಿ ಅದುಮಿ ಹಿಡಿದರೆ ಮುಂದಿನ ಸಲ ಬಾಟಲಿ ಕಂಡರೇ ಓಡುತ್ತೆ. ಹುಟ್ಟಿ ನಾಲ್ಕು ಗಂಟೆಯಾದರೂ ಒಂದು ಲೀಟರೂ ಹೋಗಿಲ್ಲ ಅಂದರೆ ಮಾತ್ರ ಇನ್ನು ಕಾಯಬೇಡಿ. ಡಾಕ್ಟರನ್ನು ಕರೆಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಅವರು ಅನ್ನನಾಳಕ್ಕೆ ನಳಿಕೆ ಇಳಿಸಿ ಗಿಣ್ಣು ಹೊಟ್ಟೆಗೆ ಬಿಡುತ್ತಾರೆ. ಗೊಟ್ಟಕ್ಕೂ ಇದಕ್ಕೂ ವ್ಯತ್ಯಾಸ ಏನಪ್ಪ ಅಂದರೆ ನಳಿಕೆ ಶ್ವಾಸನಾಳ ದಾಟಿ ಕೆಳಗೆ ಹೋಗಿರುತ್ತೆ. ಕಲಿತವರ ಕೈಯಲ್ಲೇ ಆಗಬೇಕು.

ತಾಯಿ ಸತ್ತಿದ್ದರೆ ಊರಲ್ಲಿ ಅವತ್ತೋ ಹಿಂದಿನ ದಿನವೋ ಈದ ಹಸು ಯಾರ ಮನೆಯಲ್ಲಿದೆ ವಿಚಾರಿಸಿ. ಗಿಣ್ಣುಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳೊಲ್ಲ, ಹಾಗಾಗಿ ಕೇಳಿದರೆ ಯಾರೂ ಇಲ್ಲ ಅನ್ನೊಲ್ಲ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಮೊದಲ ದಿನದ ಗಿಣ್ಣು ಇಟ್ಟರೆ ತಿಂಗಳುಗಟ್ಟಲೆ ಇರುತ್ತೆ. ನಾವೀಗ ಇಡುತ್ತಿದ್ದೇವೆ.

ನಾಲ್ಕೈದು ದಿನ ತಾಯಿಯಲ್ಲಿ ಕುಡಿದು ಆಮೇಲೆ ಬಾಟಲಿಗೆ ಬರಬೇಕಾದ ಕರು ನಿಜವಾದ ಹಟಮಾರಿ. ಅದಕ್ಕೆ ಅವಸರ ಬೇಡ, ಗಿಣ್ಣು ಆಗಲೇ ಒಳಗೆ ಹೋಗಿದೆ. ಒಂದು ಹೊತ್ತು ಹಸಿಯಲು ಬಿಡಿ. ದಿನಾ ಒಬ್ಬರೇ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೊಡಿ. ಎರಡು ಮೂರು ಹೊತ್ತಿಗೆ ದಾರಿಗೆ ಬರುತ್ತೆ.

ಬಾಟಲಿ ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತೆ, ಎರಡು ಲೀಟರಿನ ಪ್ಲಾಸ್ಟಿಕ್ಕಿನದು ತನ್ನಿ. ಗಾಜಿನದು ಬೇಡ. ಹೊಸ ನಿಪ್ಪಲ್ಲನ್ನು ಬಿಸಿನೀರಲ್ಲಿ ನೆನೆಸಿದರೆ ರಬ್ಬರಿನ ವಾಸನೆ ಹೋಗಿ ಮೆತ್ತಗಾಗುತ್ತೆ. ಬಾಟಲಿ ತಲೆಕೆಳಗು ಹಿಡಿದರೆ ಹಾಲು ತೊಟ್ಟಿಕ್ಕಬೇಕು, ಧಾರೆಯಾಗಿ ಸುರಿಯಬಾರದು. ಗಿಣ್ಣು ಮಂದವಾಗಿರೋದರಿಂದ ತೂತು ತೀರಾ ಸಣ್ಣದಾದರೆ ಕರು ಹೀರಿ ಹೀರಿ ಸೋತು ಬಿಟ್ಟುಬಿಡುತ್ತೆ. ದೊಡ್ಡದು ಮಾಡಿದರೆ ಗೊಟ್ಟದ ಕೆಲಸವೇ ಆದೀತು. ಪ್ರತಿ ಸಲ ಬಿಸಿನೀರಲ್ಲಿ ತೊಳೆದು ಬಾಟಲಿಯನ್ನು ಬೋರಲು ನೇತು ಹಾಕಿ. ನಿಪ್ಪಲ್ ಎರಡು ತಂದಿಟ್ಟುಕೊಳ್ಳಿ, ಹಾಲಿನ ವಾಸನೆಗೆ ಇಲಿ ಕಡಿಯುತ್ತವೆ.