ಕಲ್ಯಾಣದ ಅಗಸಿಗಳ ನಡುವೆ

ಹುಮನಾಬಾದಿನ ನಮ್ಮ ಶಾಲೆಯ ಮಕ್ಕಳನ್ನು ಬಸವಕಲ್ಯಾಣದ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ, ಮೊದಲ ಅಗಸಿ ದಾಟಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. ‘ಸರ್, ಬಸವಣ್ಣೋರು ಇದೇ ಅಗಸಿಯಿಂದ ಒಳಗ ಹೋಗ್ತಿದ್ರೇನ್ರಿ?’

ಇಲ್ಲ. ಇತಿಹಾಸದ ಮಾಸ್ತರನಾಗಿ ನಾನು ನಿಜ ಹೇಳಲೇಬೇಕು. ಈಗ ಕಾಣುವ ಗೋಡೆ, ಬುರುಜುಗಳಲ್ಲಿ ಹೆಚ್ಚಿನವು ಬಹಮನಿ, ಆದಿಲಶಾಹಿ ಕಾಲದವು. ಬಸವಣ್ಣನವರಿಗಿಂತ ಎಷ್ಟೋ ಈಚಿನವು. ಮಕ್ಕಳ ಮುಖ ಸಪ್ಪಗಾಗುತ್ತದೆ. ಅದಕ್ಕೇ ಅವರನ್ನು ಮುಂದೆ ಬಿಡದೆ, ಎರಡು ಅಗಸಿಗಳ ನಡುವಿನ ಚೌಕದಲ್ಲಿ ನಿಲ್ಲಿಸುತ್ತೇನೆ.

ಈ ಚೌಕವೇ ಕೋಟೆಯ ಜಾಣತನ. ಮುಂದಿನ ಅಗಸಿ ಎದುರಿಗಿಲ್ಲ, ಪಕ್ಕಕ್ಕಿದೆ. ಬಾಗಿಲು ಮುರಿಯಲು ಬಂದ ಆನೆಗೆ ನೇರ ಓಡಿ ಬಂದು ಗುದ್ದಲು ಜಾಗ ಸಿಗುವುದಿಲ್ಲ. ಒಳನುಗ್ಗಿದ ದಂಡು ಹೊರಳುವಷ್ಟರಲ್ಲಿ ಗೋಡೆಯ ಮೇಲಿನವರಿಗೆ ಗುರಿಯಾಗುತ್ತದೆ. ಮೇಲೆ ನೋಡಿದ ಮಕ್ಕಳಿಗೆ ನಾನು ವಿವರಿಸುವುದೇ ಬೇಕಾಗಿಲ್ಲ. 1657ರಲ್ಲಿ ಔರಂಗಜೇಬ ಬೀದರ್ ಕೋಟೆಯನ್ನು ಒಂದು ತಿಂಗಳೊಳಗೆ ಗೆದ್ದ. ಈ ಕಲ್ಯಾಣದ ಕೋಟೆಗೆ ಮಾತ್ರ ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು.

ಆಮೇಲೆ ಗೋಡೆಯ ಹತ್ತಿರ ಕರೆದೊಯ್ಯುತ್ತೇನೆ. ಒರಟು ಕರಿಕಲ್ಲುಗಳ ನಡುವೆ ಅಲ್ಲಲ್ಲಿ ಕೆತ್ತನೆಯ ತುಂಡುಗಳಿವೆ. ಅವು ಚಾಲುಕ್ಯರ ಕಾಲದ ಗುಡಿಗಳ ಕಲ್ಲುಗಳು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಒಂದನೆಯ ಸೋಮೇಶ್ವರ ಮಾನ್ಯಖೇಟ ಬಿಟ್ಟು ಇಲ್ಲಿ ರಾಜಧಾನಿ ಮಾಡಿದ. ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಇಲ್ಲಿಂದಲೇ ಆಳಿದ. ಬಿಲ್ಹಣ, ವಿಜ್ಞಾನೇಶ್ವರ ಇದ್ದದ್ದು ಅವನ ಆಸ್ಥಾನದಲ್ಲಿ. ಬಿಜ್ಜಳನೂ ಬಸವಣ್ಣನವರೂ ಕಂಡ ಊರು ಅದು. ಆ ಊರಿನ ಕಲ್ಲನ್ನು ನೀವು ಈಗ ಮುಟ್ಟಬಹುದು ಅಂದಾಗ ಸಪ್ಪಗಾಗಿದ್ದ ಮುಖಗಳು ಅರಳುತ್ತವೆ.

‘ಹಂಗಾರ ಗುಡಿ ಕೆಡವಿದ್ದು ಯಾರ್ರಿ?’ ಈ ಪ್ರಶ್ನೆಯೂ ಬರುತ್ತದೆ, ಈಚೆಗೆ ಹೆಚ್ಚು ಬರುತ್ತದೆ. ಪ್ರತಿ ಕಲ್ಲಿನ ಕತೆ ಒಂದೇ ಅಲ್ಲ. ಆದರೆ ಕಲ್ಯಾಣದ್ದೇ ಒಂದು ಶಾಸನ ಪ್ರತಿ ಮಗುವಿಗೂ ಗೊತ್ತಿರಬೇಕು ಎನ್ನುವುದು ನನ್ನ ಹಟ. 1326ರ ಸಂಸ್ಕೃತ ಶಾಸನ ಅದು. ದಂಗೆಯ ಹೊತ್ತಿನಲ್ಲಿ ಇಲ್ಲಿನ ಮಧುಕೇಶ್ವರ ಲಿಂಗಕ್ಕೆ ಹಾನಿಯಾಗಿತ್ತು. ದಂಗೆ ಅಡಗಿದ ಮೇಲೆ ಊರವರು ಮಹಮ್ಮದ್ ಬಿನ್ ತುಘಲಕನ ಅಧಿಕಾರಿ ಖ್ವಾಜಾ ಅಹ್ಮದನಲ್ಲಿ ಕೇಳಿಕೊಂಡರು. ಅವನು ಒಪ್ಪಿದ, ಲಿಂಗದ ಪುನಃಪ್ರತಿಷ್ಠೆಯಾಗಿ ಪೂಜೆ ಮೊದಲಿನಂತೆ ನಡೆಯಿತು. ಒಡೆದದ್ದೂ ಕೂಡಿಸಿದ್ದೂ ಒಂದೇ ಊರಿನಲ್ಲಿ ನಡೆದಿದೆ. ಎರಡನ್ನೂ ಹೇಳದ ಪಾಠ ಅರ್ಧ ಪಾಠ.

ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲೂ ಹಳೆಯ ಶಿಲ್ಪಗಳಿವೆ. ಆದರೆ ಬಿಡಿ ತುಂಡು ನೋಡಿದರೆ ಗುಡಿಯ ಇಡೀ ಗೋಡೆ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೆ ನಮ್ಮ ತಾಲ್ಲೂಕಿನ ಜಲಸಂಗಿಗೇ ಹೋಗಬೇಕು. ಅಲ್ಲಿನ ಚಾಲುಕ್ಯ ಗುಡಿಯ ಹೊರಗೋಡೆಯಲ್ಲಿ ಸಾಲಾಗಿ ಶಿಲಾಬಾಲಿಕೆಯರು ನಿಂತಿದ್ದಾರೆ. ಅವರಲ್ಲೊಬ್ಬಳು ಮೈ ಬಳುಕಿಸಿ, ಬೆನ್ನು ನಮ್ಮತ್ತ ಮಾಡಿ, ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ. ಕಲ್ಲಿನೊಳಗೆ ಕಲ್ಲುಬರಹ! ಹೆಣ್ಣುಮಕ್ಕಳು ಅವಳ ಮುಂದಿನಿಂದ ಬೇಗ ಕದಲುವುದಿಲ್ಲ.

ಹುಮನಾಬಾದಿನ ಕಡೆಯಿಂದ ಹೊರಡುವವರು ಮೊದಲು ಜಲಸಂಗಿ ನೋಡಿರಿ. ಆಮೇಲೆ ಹೆದ್ದಾರಿ ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ಬಲಕ್ಕೆ ಹೊರಳಿ ಕೋಟೆಗೆ ಬನ್ನಿರಿ. ಚೌಕದ ಗೋಡೆಯಲ್ಲಿ ಯಾವ ತುಂಡು ಎಂಥ ಗುಡಿಯದಾಗಿರಬಹುದು ಎಂಬ ಅಂದಾಜು ನಿಮಗೇ ಸಿಗುತ್ತದೆ.