ಮೂಡಿ ಮುಳುಗಿದ ದ್ವೀಪ

ಭೂಪಟದಲ್ಲಿ ಕರಾವಳಿಯನ್ನು ಒಂದು ಗೆರೆಯಾಗಿ ಬರೆದಿರುತ್ತಾರೆ. ಆ ಗೆರೆಯನ್ನು ನಂಬಿ ತೀರಕ್ಕೆ ಹೋದವರಿಗೆ ಅಲ್ಲಿ ಗೆರೆಯೇ ಕಾಣುವುದಿಲ್ಲ. ಬೆಳಿಗ್ಗೆ ನೀರಿದ್ದ ಕಡೆ ಮಧ್ಯಾಹ್ನ ಕೆಸರು. ಹೋದ ವರ್ಷ ಕೆಸರಿದ್ದ ಕಡೆ ಈ ವರ್ಷ ಹಸುರು. ಗಂಗಾ ಬ್ರಹ್ಮಪುತ್ರಾ ನದಿಗಳು ಹಿಮಾಲಯದ ಮಣ್ಣನ್ನು ತಂದು ಸುರಿಯುವ ಸುಂದರಬನದಲ್ಲಂತೂ ಈ ಚಂಚಲತೆಗೆ ಮಿತಿಯೇ ಇಲ್ಲ. ಅಲ್ಲಿ ದ್ವೀಪವೊಂದು ಮೂಡಿ, ಎರಡು ರಾಷ್ಟ್ರಗಳ ನಡುವೆ ವಿವಾದವನ್ನೆಬ್ಬಿಸಿ, ಮತ್ತೆ ಮುಳುಗಿತು. ಅದರ ಕಥೆಯನ್ನು ತಿಳಿದರೆ ಉಪಗ್ರಹದ ಚಿತ್ರಗಳನ್ನು ಓದುವ ಬಗೆಯೂ ತಿಳಿದಂತಾಗುವುದು.

1970ರ ನವೆಂಬರಿನಲ್ಲಿ ಘೋರ ಚಂಡಮಾರುತವೊಂದು ಬಂಗಾಳ ಕೊಲ್ಲಿಯ ಆ ತೀರವನ್ನು ಹೊಡೆಯಿತು. ತರುವಾಯ, ಭಾರತ ಬಾಂಗ್ಲಾದೇಶಗಳ ಗಡಿಯಲ್ಲಿ ಹರಿಯುವ ಹರಿಯಾಭಂಗಾ ನದಿಯ ಮುಖದೆದುರು ಮರಳು ಮೆಕ್ಕಲುಗಳ ದಿಣ್ಣೆಯೊಂದು ತಲೆಯೆತ್ತಿತು. 1972ರ ಜುಲೈ 23ರಂದು ಅಮೆರಿಕವು ಹಾರಿಸಿದ, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹದ ಚಿತ್ರಗಳಲ್ಲಿ ಅದು ಕಂಡುಬಂದಿತು. ಭಾರತದವರು ಅದನ್ನು ನ್ಯೂ ಮೂರ್ ಎಂದೂ ಪೂರ್ವಾಶಾ ಎಂದೂ ಕರೆದರು; ಬಾಂಗ್ಲಾದೇಶದವರು ದಕ್ಷಿಣ ತಾಲ್ಪಟ್ಟಿ ಎಂದರು. ಜನವಸತಿಯೇ ಇಲ್ಲದ ದಿಣ್ಣೆಗೆ ಹೆಸರುಗಳು ಮಾತ್ರ ಮೂರು! ಆದರೆ ಅದು ಯಾರದೆಂಬುದನ್ನು ಹೊಂದಿ ಸುತ್ತಲಿನ ಕಡಲಿನ ಗಡಿಯೂ, ಅಲ್ಲಿಯ ಮೀನು ತೈಲಗಳ ಹಕ್ಕೂ ಬದಲಾಗಬಹುದಾಗಿದ್ದುದರಿಂದ ಇಬ್ಬರೂ ಪಟ್ಟು ಹಿಡಿದರು.

ಸುಮಾರು 900 ಕಿಲೋಮೀಟರು ಎತ್ತರದಿಂದ ನೀರನ್ನೂ ಕೆಸರನ್ನೂ ಬೇರ್ಪಡಿಸುವುದು ಹೇಗೆ? ಬರಿಗಣ್ಣಿಗೆ ರಾಡಿ ನೀರೂ ಒದ್ದೆ ಮಣ್ಣೂ ಹೆಚ್ಚು ಕಡಿಮೆ ಒಂದೇ ಬಣ್ಣ. ಉಪಗ್ರಹವಾದರೋ ನಮಗೆ ಕಾಣದ ಅವಕೆಂಪು ಕಿರಣಗಳನ್ನೂ ಅಳೆಯುತ್ತದೆ. ನೀರು ಈ ಕಿರಣಗಳ ಬಹುಭಾಗವನ್ನು ನುಂಗಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹಸುರೆಲೆಯು ಕೆಂಪು ಬೆಳಕನ್ನು ತನ್ನ ಆಹಾರ ತಯಾರಿಕೆಗೆ ಹೀರಿಕೊಂಡು, ಅವಕೆಂಪನ್ನು ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಬರಿಯ ಮಣ್ಣು ಇವೆರಡರ ನಡುವಿನದು. ಎರಡು ಬೆಳಕುಗಳ ಪ್ರಮಾಣವನ್ನು ಹೋಲಿಸಿ, ನಮ್ಮ ಅಘನಾಶಿನಿಯ ಅಳಿವೆಯಲ್ಲಿಯೂ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಮೊದಲಾಯಿತು ಎಂದು ಹೇಳಬಹುದು. ಸಿಗಡಿ ಸಾಕುವ ಕೆರೆಯೂ ಹೊಳೆಯಷ್ಟೇ ಕಪ್ಪಾಗಿ ಕಾಣುವುದು ನಿಜ. ಆದರೆ ಅದರ ಅಂಚುಗಳು ನೇರ. ಹೊಳೆ ಅಳತೆಗೋಲು ಹಿಡಿದು ಹರಿಯುವುದನ್ನು ನಾವು ಕಂಡಿಲ್ಲ.

ಚಿತ್ರವು ಸಣ್ಣ ಸಣ್ಣ ಚೌಕಗಳಿಂದಾದುದು. ಮೊದಲ ಲ್ಯಾಂಡ್‌ಸ್ಯಾಟಿನಲ್ಲಿ ಚೌಕದ ಬದಿ ಸುಮಾರು 80 ಮೀಟರು; 1982ರಲ್ಲಿ ಹಾರಿದ ನಾಲ್ಕನೆಯದರಲ್ಲಿ ಅದು 30 ಮೀಟರಿಗೆ ಇಳಿಯಿತು. ಉಡುಪಿ ಸೀಮೆಯ ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ನಮ್ಮದೇ ಆದ ಐ.ಆರ್.ಎಸ್.-1ಎ ಕೂಡ ಈ ಕೆಲಸಕ್ಕೆ ತೊಡಗಿತು.

ಇನ್ನು ನಿಜವಾದ ತೊಡಕಿಗೆ ಬರೋಣ. ತೀರದ ಇಳಿಜಾರು 200 ಮೀಟರಿಗೆ 1 ಮೀಟರಿನಷ್ಟಿದೆಯೆಂದಿಟ್ಟುಕೊಳ್ಳಿ. ಉಬ್ಬರದ ನೀರು ಒಂದೇ ಮೀಟರು ಏರಿದರೂ ದಡವು 200 ಮೀಟರು ಹಿಂದೆ ಸರಿಯುತ್ತದೆ. ಅಂದರೆ ಹಳೆಯ ಚಿತ್ರದ ಎರಡೂವರೆ ಚೌಕ, ಹೊಸದರ ಆರಕ್ಕೂ ಹೆಚ್ಚು! ಉಪಗ್ರಹವು ಒಂದು ಸ್ಥಳದ ಮೇಲೆ ಸರಿಸುಮಾರು ಒಂದೇ ಗಳಿಗೆಗೆ ಬರುತ್ತದೆ. ಉಬ್ಬರವಾದರೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ಚಿತ್ರ ಇಳಿತದ ಹೊತ್ತಿನದು, ಇನ್ನೊಂದು ಉಬ್ಬರದ ಹೊತ್ತಿನದು ಆದರೆ, ಎಲ್ಲಿಯೂ ಹೋಗದ ದ್ವೀಪವೂ ಕರಗಿದಂತೆ ಕಾಣುತ್ತದೆ. ಆದುದರಿಂದ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವವರನ್ನು ನಾವು ನಂಬಲಾರೆವು. ಆಯಾ ಗಳಿಗೆಯ ನೀರಿನ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅನೇಕ ವರ್ಷಗಳ ಅನೇಕ ಚಿತ್ರಗಳನ್ನು ನೋಡಬೇಕು.

2010ರಲ್ಲಿ ಜಾದವಪುರ ವಿಶ್ವವಿದ್ಯಾನಿಲಯದ ಸಮುದ್ರವಿಜ್ಞಾನಿಗಳು, ಉಪಗ್ರಹದ ಚಿತ್ರಗಳನ್ನು ಆಧರಿಸಿ, ನ್ಯೂ ಮೂರ್ ಪೂರ್ಣವಾಗಿ ಮುಳುಗಿದೆಯೆಂದು ಪ್ರಕಟಿಸಿದರು. ಸಮುದ್ರದ ಮಟ್ಟ ಏರುತ್ತಿರುವುದು ಇದಕ್ಕೆ ಕಾರಣವೆಂಬ ಮಾತು ಆಗ ಬಹಳವಾಗಿ ಕೇಳಿಬಂದಿತು. ಆದರೆ ಸಡಿಲ ಮಣ್ಣಿನ ದಿಣ್ಣೆಯನ್ನು ಪ್ರವಾಹಗಳೇ ಕೊರೆದು ಒಯ್ಯಬಲ್ಲವು. ಯಾವುದರ ಪಾಲು ಎಷ್ಟು ಎಂಬುದನ್ನು ಚಿತ್ರವೊಂದೇ ಹೇಳಲಾರದು.

ಕಡಲ ಗಡಿಯ ವ್ಯಾಜ್ಯವು ಅಂತರರಾಷ್ಟ್ರೀಯ ನ್ಯಾಯಮಂಡಲಿಯಲ್ಲಿ 2014ರ ಜುಲೈ 7ರಂದು ತೀರ್ಮಾನವಾಯಿತು. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರುಗಳಲ್ಲಿ 19,467 ಬಾಂಗ್ಲಾದೇಶಕ್ಕೆ ಸಂದವು. ನ್ಯೂ ಮೂರ್ ಇದ್ದ ಎಡೆ ಭಾರತದ ಪಾಲಿಗೆ ಬಂದಿತು. ಆ ವೇಳೆಗೆ ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.